ಬೆಳ್ಳಿ ಹಾಳೆಯ ಹಿಂದೆ ಏನಿದೆ? ಕಾರಿನ ಸದ್ದು ತಗ್ಗಿಸುವ ಶೀಟ್ ಆರಿಸುವ ಬಗೆ

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ವೇಗ ನೂರರ ಹತ್ತಿರ ಬರುತ್ತಿದ್ದಂತೆ ಹಿಂದಿನ ಸೀಟಿನವರು ಆಡಿದ ಮಾತು ಮುಂದಿನವರಿಗೆ ಕೇಳಿಸುವುದಿಲ್ಲ. ಹಾಡಿನ ವಾಲ್ಯೂಮ್ ಏರಿಸುತ್ತಾ ಹೋಗಬೇಕು, ಊರು ಮುಟ್ಟುವ ಹೊತ್ತಿಗೆ ತಲೆ ಭಾರ. ಶಿರಾಡಿ ಘಾಟಿಯ ಕಾಂಕ್ರೀಟ್ ರಸ್ತೆಯಲ್ಲಂತೂ ಟೈರಿನ ಮೊರೆತವೇ ಮೊರೆತ. ಸಣ್ಣ ಕಾರು ಇಟ್ಟುಕೊಂಡ ಬಹಳ ಮಂದಿಯ ದೂರು ಇದು.

ಪರಿಹಾರ ಹುಡುಕಿಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹೋದರೆ ಮೇಜಿನ ಮೇಲೆ ನಾಲ್ಕೈದು ಹಾಳೆ ಹರಡುತ್ತಾರೆ. ಎಲ್ಲದಕ್ಕೂ ಬೆಳ್ಳಿ ಬಣ್ಣದ ಮುಖ, ಕಪ್ಪು ಅಂಟಿನ ಬೆನ್ನು. ಎಲ್ಲದರ ಮೇಲೂ '2 ಎಂಎಂ' ಎಂಬ ಮುದ್ರೆ. ಬೆಲೆ ಮಾತ್ರ ಒಂದಕ್ಕಿಂತ ಇನ್ನೊಂದು ಎರಡು ಮೂರು ಪಟ್ಟು. 'ಇದು ಇಂಪೋರ್ಟೆಡ್ ಸಾರ್, ಹಾಕಿಸಿದ್ರೆ ಒಳಗೆ ಪಿನ್ ಡ್ರಾಪ್ ಸೈಲೆಂಟ್' ಎಂಬ ಮಾತು ಎಲ್ಲದಕ್ಕೂ ಒಂದೇ. ಯಾವುದನ್ನು ನಂಬುವುದು?

ಕಣ್ಣಿನಿಂದ ನೋಡಿ ಇವುಗಳ ಗುಣ ಹೇಳಲು ಯಾರಿಗೂ ಆಗದು. ಆದರೆ ಗ್ರಾಂ ಲೆಕ್ಕದ ಒಂದು ಪುಟ್ಟ ತಕ್ಕಡಿ, ಒಂದಿಷ್ಟು ತಗಡಿನ ತುಂಡು, ನಾಲ್ಕು ದಿನದ ಬಿಸಿಲು ಇದ್ದರೆ ನೀವೇ ಮನೆಯಲ್ಲಿ ತೂಗಿ, ತಟ್ಟಿ, ಕಾಯಿಸಿ ಹೇಳಬಹುದು. ಬ್ರ್ಯಾಂಡಿನ ಹೆಸರಿಗಿಂತ ಆ ಪರೀಕ್ಷೆಯ ಮಾತನ್ನು ನಂಬುವುದು ಒಳ್ಳೆಯದು.

ಹಣ ಬಿಚ್ಚುವ ಮುನ್ನ ಮೂರು ತಪಾಸಣೆ

ಶೀಟ್ ಹಾಕಿಸಿಯೂ ಸದ್ದು ಹೋಗಲಿಲ್ಲ ಎನ್ನುವವರಲ್ಲಿ ಹಲವರ ಕಾರಿನ ನಿಜವಾದ ತೊಂದರೆ ಬೇರೆಯೇ ಆಗಿರುತ್ತದೆ.

ಟೈರ್ ನೋಡಿ. ಟೈರಿನ ಮೇಲ್ಮೈಯನ್ನು ಅಂಗೈಯಿಂದ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಸವರಿ. ಒಂದು ದಿಕ್ಕಿಗೆ ನುಣುಪಾಗಿ, ಇನ್ನೊಂದು ದಿಕ್ಕಿಗೆ ಗರಗಸದಂತೆ ತಾಗಿದರೆ ಟೈರ್ ಸೊಟ್ಟ ಸವೆದಿದೆ. ಆ ಗುಂಯ್‌ಗುಟ್ಟುವಿಕೆಗೆ ಅಲೈನ್‌ಮೆಂಟ್ ಮತ್ತು ಹೊಸ ಟೈರೇ ಮದ್ದು.

ವೀಲ್ ಬೇರಿಂಗ್ ಗಮನಿಸಿ. ವೇಗದ ಜತೆಗೇ ಏರುವ ಒಂದೇ ರಾಗದ ಹೂಂಕಾರ, ಎಡಕ್ಕೋ ಬಲಕ್ಕೋ ತಿರುಗಿಸಿದಾಗ ಹೆಚ್ಚುಕಡಿಮೆ ಆಗುತ್ತಿದ್ದರೆ ಬೇರಿಂಗ್ ಹೋಗಿರುವ ಸಾಧ್ಯತೆ ಹೆಚ್ಚು. ಇದು ಸದ್ದಿನ ಪ್ರಶ್ನೆಯಲ್ಲ, ಸುರಕ್ಷತೆಯ ಪ್ರಶ್ನೆ. ತಡಮಾಡದೆ ಮೆಕ್ಯಾನಿಕ್‌ಗೆ ತೋರಿಸಿ.

ಬಾಗಿಲಿನ ಬೀಡಿಂಗ್ ಪರೀಕ್ಷಿಸಿ. ಬೀಡಿಂಗ್ ರಬ್ಬರಿನ ಮೇಲೆ ಒಂದು ಕಾಗದದ ಪಟ್ಟಿ ಇಟ್ಟು ಬಾಗಿಲು ಹಾಕಿ, ಪಟ್ಟಿಯನ್ನು ಎಳೆಯಿರಿ. ಬಿಗಿಯಾಗಿ ಹಿಡಿದುಕೊಂಡರೆ ಸರಿ. ಸಲೀಸಾಗಿ ಜಾರಿ ಬಂದರೆ ಅಲ್ಲಿ ಗಾಳಿ ನುಗ್ಗುತ್ತಿದೆ. ಬಾಗಿಲಿನ ಸುತ್ತ ಗೇಣಿಗೊಂದರಂತೆ ಹೀಗೆ ಮಾಡಿ ನೋಡಿ. ಹಳೆಯ ಕಾರಿನಲ್ಲಿ ಹೊಸ ಬೀಡಿಂಗ್ ತರುವ ಬದಲಾವಣೆ ಒಮ್ಮೊಮ್ಮೆ ಇಡೀ ನೆಲಕ್ಕೆ ಶೀಟ್ ಹಾಸಿದ್ದಕ್ಕಿಂತ ದೊಡ್ಡದು.

ಈ ಮೂರೂ ಸರಿಯಿದ್ದ ಮೇಲೆ ಮುಂದಿನ ಮಾತು.

ಒಂದೇ ಶೀಟ್ ಎಲ್ಲ ಸದ್ದನ್ನೂ ಏಕೆ ತಡೆಯದು

ಕಾರಿನೊಳಗೆ ಸದ್ದು ಬರುವ ದಾರಿ ಎರಡು. ಒಂದು, ರಸ್ತೆ ಮತ್ತು ಎಂಜಿನ್ ಹುಟ್ಟಿಸಿದ ಅದುರು ಲೋಹದ ಮೂಲಕ ಹರಿದು ಬಂದು ಬಾಗಿಲು, ನೆಲ, ಚಾವಣಿಯ ತಗಡನ್ನು ನಡುಗಿಸುತ್ತದೆ. ಆಗ ತಗಡೇ ಸ್ಪೀಕರಿನ ಕೆಲಸ ಮಾಡುತ್ತದೆ. ಇನ್ನೊಂದು, ಹೊರಗಿನ ಸದ್ದು ಗಾಳಿಯ ಮೂಲಕವೇ ಬಂದು ಸಂದುಗಳಿಂದ, ಗಾಜಿನಿಂದ, ತೆಳುವಾದ ತಗಡಿನಿಂದ ಒಳಗೆ ದಾಟುತ್ತದೆ.

ಇವುಗಳನ್ನು ಎದುರಿಸುವ ಕೆಲಸ ಮೂರು: ನಡುಗುವ ತಗಡನ್ನು ಸುಮ್ಮನಾಗಿಸುವುದು, ಗಾಳಿಯಲ್ಲಿ ಬರುವ ಸದ್ದಿಗೆ ಭಾರದ ಗೋಡೆ ಅಡ್ಡ ಇಡುವುದು, ಒಳಗೆ ಬಂದು ಪ್ರತಿಧ್ವನಿಸುತ್ತಿರುವುದನ್ನು ಹೀರುವುದು. ಮೊದಲನೆಯದಕ್ಕೆ ಬ್ಯೂಟೈಲ್ ರಬ್ಬರಿನ ಡ್ಯಾಂಪಿಂಗ್ ಶೀಟ್, ಎರಡನೆಯದಕ್ಕೆ ಭಾರ ತುಂಬಿದ ವಿನೈಲ್ ಹಾಸು, ಮೂರನೆಯದಕ್ಕೆ ಫೆಲ್ಟ್, ನಾರಿನ ಹತ್ತಿ, ತೆರೆದ ರಂಧ್ರದ ಫೋಮ್. ಡ್ಯಾಂಪಿಂಗ್ ಶೀಟನ್ನೂ ಫೋಮನ್ನೂ ಪಕ್ಕಪಕ್ಕ ಇಟ್ಟು 'ಯಾವುದು ಒಳ್ಳೆಯದು' ಎಂದು ಕೇಳುವುದೇ ತಪ್ಪು. ಒಂದೇ ಕೆಲಸ ಮಾಡುವ ಎರಡನ್ನು ಮಾತ್ರ ಹೋಲಿಸಬೇಕು.

ಅಂಗಡಿಯಲ್ಲಿ ಹೆಚ್ಚಿನ ಗೊಂದಲ ಹುಟ್ಟಿಸುವುದು ಡ್ಯಾಂಪಿಂಗ್ ಶೀಟ್. ಹಾಗಾಗಿ ಈ ಲೇಖನದ ಹೆಚ್ಚು ಭಾಗವೂ ಅದರ ಬಗ್ಗೆಯೇ.

ಫಾಯಿಲ್ ಇರುವುದು ಅಂದಕ್ಕಲ್ಲ

ತಗಡಿಗೆ ಮೆತ್ತನೆಯ ಪದರ ಅಂಟಿಸಿ ಅದುರು ತಗ್ಗಿಸುವುದನ್ನು ಜರ್ಮನಿಯ ಹೆರ್ಮಾನ್ ಓಬರ್ಸ್ಟ್ 1950ರ ದಶಕದ ಆರಂಭದಲ್ಲಿ ಲೆಕ್ಕಾಚಾರದ ಸಮೇತ ವಿವರಿಸಿದರು. ಮೆತ್ತನೆಯ ಪದರದ ಮೇಲೆ ಗಡುಸಾದ ಇನ್ನೊಂದು ಪದರ ಕೂರಿಸಿದರೆ ಏನಾಗುತ್ತದೆ ಎಂಬುದನ್ನು ಅಮೆರಿಕದ ಎಡ್ವರ್ಡ್ ಕರ್ವಿನ್ 1959ರಲ್ಲಿ ತೋರಿಸಿದರು. ಇಂದಿನ ಫಾಯಿಲ್ ಶೀಟಿನ ತತ್ತ್ವ ಅದೇ.

ತಗಡು ನಡುಗುವಾಗ ಅದರ ಮೈ ಕ್ಷಣಕ್ಷಣಕ್ಕೂ ಚೂರು ಹಿಗ್ಗಿ ಚೂರು ಕುಗ್ಗುತ್ತದೆ. ಅಂಟಿಕೊಂಡ ರಬ್ಬರೂ ಜತೆಗೇ ಎಳೆದಾಡಿಸಿಕೊಳ್ಳುತ್ತದೆ. ರಬ್ಬರಿನ ಮೇಲ್ಭಾಗವನ್ನು ಹಿಗ್ಗದ ಅಲ್ಯೂಮಿನಿಯಂ ಹಿಡಿದಿಟ್ಟುಕೊಂಡಿದ್ದರೆ ರಬ್ಬರಿನ ತಳ ಒಂದು ಕಡೆ, ತಲೆ ಇನ್ನೊಂದು ಕಡೆ ಜಗ್ಗಿ, ರಬ್ಬರ್ ಓರೆಯಾಗಿ ತಿರುಚಿಕೊಳ್ಳುತ್ತದೆ. ಆ ತಿರುಚಾಟದಲ್ಲಿ ಅದುರಿನ ಶಕ್ತಿ ಶಾಖವಾಗಿ ಕರಗುತ್ತದೆ. ಕೈಗೆ ಗೊತ್ತಾಗದಷ್ಟು ಕೊಂಚ ಶಾಖ. ಫಾಯಿಲ್ ತೀರ ತೆಳುವಾಗಿದ್ದರೆ ಅದೂ ರಬ್ಬರಿನ ಜತೆ ಹಿಗ್ಗಿಬಿಡುತ್ತದೆ, ತಿರುಚಾಟ ಆಗುವುದಿಲ್ಲ, ಹಾಳೆ ಬರೀ ಭಾರವಾಗಿ ಉಳಿಯುತ್ತದೆ.

ಇದರಿಂದ ಹೊರಡುವ ಅಂಶಗಳು ಮೂರೇ. ರಬ್ಬರ್ ನಿಜವಾದ ಬ್ಯೂಟೈಲ್ ಆಗಿರಬೇಕು, ಫಾಯಿಲ್ ದಪ್ಪವಿರಬೇಕು, ಹಾಳೆ ತಗಡಿಗೆ ಬಿಡದೆ ಅಂಟಿರಬೇಕು. ಒಟ್ಟು ದಪ್ಪ ಎಷ್ಟು ಎಂಎಂ ಎನ್ನುವುದು ಇವುಗಳ ನಂತರದ ವಿಚಾರ.

ಮಾರುಕಟ್ಟೆಯ ಮೋಸ ಹೆಚ್ಚಾಗಿ ಮೊದಲ ಎರಡರಲ್ಲೇ. ಬ್ಯೂಟೈಲ್ ದುಬಾರಿ, ಡಾಂಬರು ಅಗ್ಗ. ಮನೆಯ ತಾರಸಿ ಸೋರಿಕೆಗೆ ಹಚ್ಚುವ ಫಾಯಿಲ್ ಅಂಟಿದ ಡಾಂಬರು ಪಟ್ಟಿಗೂ ಕಾರಿನ ಶೀಟಿಗೂ ಮೇಲ್ನೋಟಕ್ಕೆ ವ್ಯತ್ಯಾಸವೇ ಕಾಣದು. ಕಂಪನಿಯವರು ಕಾರಿನ ನೆಲಕ್ಕೆ ಹಾಕುವ ಡಾಂಬರು ಹಾಳೆಯ ಕಥೆ ಬೇರೆ. ಅದನ್ನು ಬಣ್ಣದ ಒಲೆಯಲ್ಲಿ ಕಾಯಿಸಿ ತಗಡಿಗೆ ಬೆಸೆದಿರುತ್ತಾರೆ, ನೆಲದ ಮೇಲೆ ಮಲಗಿರುವುದರಿಂದ ಜಾರುವ ಭಯವೂ ಇಲ್ಲ. ನಾವು ಅಂಟಿಸುವುದು ಬಾಗಿಲಿನ ನೇರ ಗೋಡೆಗೆ, ಚಾವಣಿಯ ಅಡಿಗೆ. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ನಿಂತ ಕಾರಿನ ಚಾವಣಿಯ ತಗಡು ಮುಟ್ಟಿದರೆ ಕೈ ಸುಡುತ್ತದೆ. ಅಲ್ಲಿ ಡಾಂಬರು ಮೆತ್ತಗಾಗಿ, ವಾಸನೆ ಬಿಟ್ಟು, ಕೊನೆಗೆ ಕಳಚಿ ಬೀಳುತ್ತದೆ. ಚಳಿ ದೇಶದ ಗ್ರಾಹಕರ ಮೆಚ್ಚುಗೆ ಓದಿ ನಾವು ಶೀಟ್ ಕೊಳ್ಳಬಾರದು ಎನ್ನುವುದು ಇದಕ್ಕೇ.

ಮನೆಯಲ್ಲೇ ಮಾಡುವ ಐದು ಪರೀಕ್ಷೆ

ಪೂರ್ತಿ ಪೆಟ್ಟಿಗೆ ಕೊಳ್ಳುವ ಮೊದಲು ಪ್ರತಿಯೊಂದು ಬಗೆಯಿಂದ ಒಂದೊಂದು ಹಾಳೆ ಕೇಳಿ ತನ್ನಿ. ಬಿಡಿ ಹಾಳೆ ಕೊಡಲು ಒಪ್ಪದ ಅಂಗಡಿಯಲ್ಲಿ ವ್ಯಾಪಾರ ಬೇಡ.

1. ತೂಕ. ಹತ್ತು ಸೆಂಟಿಮೀಟರ್ ಉದ್ದ, ಹತ್ತು ಸೆಂಟಿಮೀಟರ್ ಅಗಲದ ಚೌಕ ಕತ್ತರಿಸಿ. ಹಿಂದಿನ ಮೇಣದ ಕಾಗದ ಸುಲಿದು ತೂಗಿ. ಬಂದ ಗ್ರಾಂ ಸಂಖ್ಯೆಯನ್ನು ಹತ್ತರಿಂದ ಭಾಗಿಸಿದರೆ ಒಂದು ಚದರ ಮೀಟರಿಗೆ ಎಷ್ಟು ಕೆಜಿ ಎಂದು ಸಿಗುತ್ತದೆ. 22 ಗ್ರಾಂ ಬಂದರೆ 2.2 ಕೆಜಿ. ನಿಜವಾಗಿ 2 ಎಂಎಂ ಇರುವ ಬ್ಯೂಟೈಲ್ ಹಾಳೆಯ ಚೌಕ ಸಾಮಾನ್ಯವಾಗಿ 25ರಿಂದ 35 ಗ್ರಾಂ ತೂಗುತ್ತದೆ. 2 ಎಂಎಂ ಎಂದು ಬರೆದಿದ್ದು 17–18 ಗ್ರಾಂ ಬಂದರೆ ದಪ್ಪದ ಲೆಕ್ಕದಲ್ಲಿ ಮೇಣದ ಕಾಗದವನ್ನೂ ಫಾಯಿಲಿನ ಉಬ್ಬುಗಳನ್ನೂ ಸೇರಿಸಿದ್ದಾರೆ ಎಂದೇ ತಿಳಿಯಿರಿ. ಹಾಗೆಂದು ಭಾರ ಹೆಚ್ಚಿದಷ್ಟೂ ಒಳ್ಳೆಯದು ಎಂದೂ ಅಲ್ಲ. ರಬ್ಬರ್ ಉಳಿಸಲು ಸುಣ್ಣದ ಕಲ್ಲಿನ ಪುಡಿಯನ್ನು ವಿಪರೀತ ತುಂಬಿದರೂ ತೂಕ ಏರುತ್ತದೆ. ಅಂಥ ಹಾಳೆ ಮಡಿಚಿದಾಗ ಬಿರುಕು ಬಿಡುತ್ತದೆ, ಎಳೆದರೆ ಜಗ್ಗದೆ ಪಟಕ್ಕನೆ ತುಂಡಾಗುತ್ತದೆ.

2. ಫಾಯಿಲಿನ ದಪ್ಪ. ಒಳ್ಳೆಯ ಶೀಟುಗಳಲ್ಲಿ ಇದು ಸುಮಾರು 100 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಅಗ್ಗದವುಗಳಲ್ಲಿ 50 ಅಥವಾ ಅದಕ್ಕೂ ಕಡಿಮೆ. ತೂಗಿದ ಅದೇ ಚೌಕವನ್ನು ಫ್ರಿಜ್ಜಿನ ಫ್ರೀಜರಿನಲ್ಲಿಟ್ಟು ಗಟ್ಟಿಯಾದ ಮೇಲೆ ಫಾಯಿಲನ್ನು ಸುಲಿಯಿರಿ. ಉಳಿದ ಅಂಟನ್ನು ಸೀಮೆಎಣ್ಣೆ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿಸಿ, ಚಿನ್ನ ತೂಗುವಂಥ ಸಣ್ಣ ತಕ್ಕಡಿಯಲ್ಲಿ ತೂಗಿ. ಅಲ್ಯೂಮಿನಿಯಮಿನ ಸಾಂದ್ರತೆ 2.7 ಆದ್ದರಿಂದ ನೂರು ಮೈಕ್ರಾನಿನ ಆ ಚೌಕ 2.7 ಗ್ರಾಂ ತೂಗಬೇಕು. 1.35 ಗ್ರಾಂ ಬಂದರೆ 50 ಮೈಕ್ರಾನ್. ಇದಕ್ಕಿಂತ ನಿಖರವಾದ, ಇದಕ್ಕಿಂತ ಅಗ್ಗದ ಪರೀಕ್ಷೆ ಇನ್ನೊಂದಿಲ್ಲ. ಅಷ್ಟು ತಾಳ್ಮೆ ಇಲ್ಲದಿದ್ದರೆ ಮೂಲೆಯನ್ನು ಉಗುರಿನಿಂದ ಕೆರೆದು ನೋಡಿ. ದಪ್ಪ ಫಾಯಿಲ್ ಬಾಗಿಸಿದಂತೆ ನಿಲ್ಲುತ್ತದೆ, ತೆಳುವಾದದ್ದು ಅಡುಗೆ ಮನೆಯ ಫಾಯಿಲಿನಂತೆ ಮುದುಡಿ ಹರಿಯುತ್ತದೆ. ಇನ್ನು ಕೆಲವದರಲ್ಲಿ ಅಲ್ಯೂಮಿನಿಯಂ ಇರುವುದೇ ಇಲ್ಲ, ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಹಾಳೆ ಅಷ್ಟೆ. ಅದು ಮಡಿಚಿದರೆ ಮಡಿಕೆ ನಿಲ್ಲದೆ ಮತ್ತೆ ಬಿಚ್ಚಿಕೊಳ್ಳುತ್ತದೆ.

3. ವಾಸನೆ ಮತ್ತು ಕಲೆ. ಒಂದು ತುಂಡನ್ನು ಗಾಜಿನ ಬಾಟಲಿಯಲ್ಲಿ ಹಾಕಿ ಮುಚ್ಚಳ ಬಿಗಿದು ಮಧ್ಯಾಹ್ನದ ಬಿಸಿಲಿಗೆ ಇಡಿ. ಒಂದೆರಡು ಗಂಟೆ ಬಿಟ್ಟು ಮುಚ್ಚಳ ತೆಗೆದು ಮೂಸಿ. ಹೊಸದಾಗಿ ಟಾರು ಹಾಕಿದ ರಸ್ತೆಯ ವಾಸನೆ ಬಂದರೆ ಅದರಲ್ಲಿ ಡಾಂಬರು ಇದೆ, ಬೇಸಿಗೆಯಲ್ಲಿ ನಿಮ್ಮ ಕಾರಿನೊಳಗೂ ಅದೇ ವಾಸನೆ ಇರುತ್ತದೆ. ಬ್ಯೂಟೈಲಿಗೂ ಹೊಸದರಲ್ಲಿ ಸಣ್ಣ ರಬ್ಬರ್ ವಾಸನೆ ಇರಬಹುದು, ಅದು ದಿನ ಕಳೆದಂತೆ ಹೋಗುತ್ತದೆ. ಅನುಮಾನ ಉಳಿದರೆ ಅಂಟಿನ ಮೇಲೆ ಸೀಮೆಎಣ್ಣೆ ತಾಗಿಸಿದ ಬಿಳಿ ಬಟ್ಟೆ ಉಜ್ಜಿ. ಡಾಂಬರು ಬೇಗ ಕರಗಿ, ಕಡು ಚಹಾದ ಬಣ್ಣದ ಕಂದು ಕಲೆ ಬಟ್ಟೆಯ ತುಂಬ ಹರಡುತ್ತದೆ. ಬ್ಯೂಟೈಲ್ ಬೇಗ ಕರಗುವುದಿಲ್ಲ, ಗೋಂದಿನ ಹಾಗೆ ಎಳೆಎಳೆಯಾಗಿ ಎದ್ದು ಬರುತ್ತದೆ. ಎರಡನ್ನೂ ಬೆರೆಸಿ ಮಾಡಿದ ಹಾಳೆಗಳೂ ಇವೆ. ಅವುಗಳಲ್ಲಿ ಎರಡು ಲಕ್ಷಣವೂ ಕಾಣುತ್ತದೆ.

4. ಬಿಸಿಲು. ನಮ್ಮ ಊರುಗಳಿಗೆ ಅತಿ ಮುಖ್ಯವಾದದ್ದು ಇದೇ. ಒಂದು ತಗಡಿನ ಅಡಿಭಾಗಕ್ಕೆ ಎಲ್ಲ ಬಗೆಯ ತುಂಡುಗಳನ್ನೂ ಒಂದೇ ಅಳತೆಯಲ್ಲಿ ಅಂಟಿಸಿ ರೋಲರಿನಿಂದ ಒತ್ತಿ. ಇನ್ನೊಂದಷ್ಟು ತುಂಡುಗಳನ್ನು ನೇರ ನಿಲ್ಲಿಸಿದ ತಗಡಿಗೆ ಅಂಟಿಸಿ, ಅಂಚಿನ ಸುತ್ತ ಮಾರ್ಕರಿನಿಂದ ಗೆರೆ ಎಳೆಯಿರಿ. ಎರಡನ್ನೂ ತಾರಸಿಯ ಮೇಲೆ ಬಿಸಿಲಿಗೆ ಬಿಡಿ. ಮೂರು ನಾಲ್ಕು ದಿನದಲ್ಲಿ ಕೆಳಗಿನ ಗೆರೆ ದಾಟಿ ಜಾರಿದ್ದು, ಅಂಚಿನಿಂದ ಕಪ್ಪು ಒಸರಿದ್ದು, ಮೂಲೆ ಎದ್ದದ್ದು ಯಾವುದು ಎಂದು ಕಣ್ಣಿಗೇ ಕಾಣುತ್ತದೆ. ಮಧ್ಯಾಹ್ನ ಬಿಸಿಯಿರುವಾಗಲೇ ಮೂಲೆಯನ್ನು ಎಳೆದು ನೋಡಲು ಮರೆಯಬೇಡಿ. ತಣ್ಣಗಿದ್ದಾಗ ಎಲ್ಲವೂ ಗಟ್ಟಿಯಾಗಿಯೇ ಹಿಡಿದಿರುತ್ತವೆ.

5. ತಟ್ಟುವುದು. ಫ್ಯಾಬ್ರಿಕೇಷನ್ ಅಂಗಡಿಯಲ್ಲಿ 0.8 ಎಂಎಂ ತಗಡನ್ನು ಒಂದಡಿ ಚೌಕವಾಗಿ ಕತ್ತರಿಸಿಕೊಡಲು ಹೇಳಿ. ಕಾರಿನ ಮೈ ತಗಡಿನ ದಪ್ಪ ಹೆಚ್ಚುಕಡಿಮೆ ಅಷ್ಟೇ. ಎಷ್ಟು ಬಗೆಯ ಶೀಟ್ ಇದೆಯೋ ಅಷ್ಟು ಚೌಕ, ಜತೆಗೆ ಏನೂ ಅಂಟಿಸದ ಒಂದು. ಮೇಲಿನ ಎರಡು ಮೂಲೆಗೆ ತೂತು ಹೊಡೆಸಿ ದಾರದಿಂದ ನೇತುಹಾಕಿ. ನಟ್ಟನಡುವೆ ಅಂಗೈ ಅಗಲದ ಶೀಟ್ ಅಂಟಿಸಿ, ಎಲ್ಲಕ್ಕೂ ಒಂದೇ ಅಳತೆ, ಒಂದೇ ಒತ್ತಡ. ಒಂದು ದಿನ ಬಿಟ್ಟು ಮರದ ಸೌಟಿನಿಂದ ಒಂದೇ ಜಾಗಕ್ಕೆ ಮೆಲ್ಲಗೆ ತಟ್ಟಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಬರೀ ತಗಡು ಠಣ್ಣನೆ ಕೂಗಿ ಬಹಳ ಹೊತ್ತು ಗುಂಯ್‌ಗುಡುತ್ತದೆ. ಒಳ್ಳೆಯ ಶೀಟ್ ಇದ್ದದ್ದು 'ದಬ್' ಎಂದು ಅಲ್ಲಿಗೇ ನಿಲ್ಲುತ್ತದೆ. ಇವೆರಡರ ನಡುವೆ ಇರುವವುಗಳನ್ನು ಕಿವಿಯಿಂದ ಬೇರ್ಪಡಿಸುವುದು ಕಷ್ಟವಾದರೆ ರೆಕಾರ್ಡಿಂಗಿನ ಅಲೆಚಿತ್ರ ನೋಡಿ. ಬಾಲ ಎಷ್ಟು ಉದ್ದವೋ ಶೀಟ್ ಅಷ್ಟು ದುರ್ಬಲ.

ಈ ಐದನೆಯ ಪರೀಕ್ಷೆಯನ್ನು ಬೆಳಗಿನ ತಂಪಿನಲ್ಲಿ ಒಮ್ಮೆ, ಮಧ್ಯಾಹ್ನ ತಗಡು ಬೆಚ್ಚಗಾದ ಮೇಲೆ ಒಮ್ಮೆ ಮಾಡಲೇಬೇಕು. ರಬ್ಬರಿನ ಈ ಗುಣ ಉಷ್ಣಾಂಶದ ಜತೆ ಬದಲಾಗುತ್ತದೆ. ಬಹಳಷ್ಟು ಶೀಟುಗಳು ಕೋಣೆಯ ತಂಪಿನಲ್ಲಿ ತಮ್ಮ ಉತ್ತುಂಗದಲ್ಲಿದ್ದು 40 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಸೊರಗುತ್ತವೆ. ಬೆಳಗ್ಗೆ ಮೊದಲ ಸ್ಥಾನದಲ್ಲಿದ್ದದ್ದು ಮಧ್ಯಾಹ್ನ ಮೂರನೆಯದಾದರೆ ಮಧ್ಯಾಹ್ನದ ಫಲಿತಾಂಶವನ್ನೇ ಹಿಡಿಯಿರಿ. ನೀವು ಕಾರು ಓಡಿಸುವುದು ಆ ಬಿಸಿಯಲ್ಲೇ.

ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ಓದುವುದು ಹೇಗೆ

ಡ್ಯಾಂಪಿಂಗ್ ಶೀಟಿನ ಗುಣಕ್ಕೆ ಇರುವ ಸರಿಯಾದ ಅಳತೆ ಲಾಸ್ ಫ್ಯಾಕ್ಟರ್. ಬರೀ ತಗಡಿನದ್ದು 0.01ಕ್ಕೂ ಕಡಿಮೆ. ಶೀಟ್ ಅಂಟಿಸಿದ ಮೇಲೆ 0.2 ದಾಟಿದರೆ ಒಳ್ಳೆಯ ಕೆಲಸ ಎನ್ನಬಹುದು. ಇದನ್ನು ಅಳೆಯಲು ಎಎಸ್‌ಟಿಎಂ ಇ756, ಎಸ್‌ಎಇ ಜೆ1637 ಎಂಬ ಮಾನಕಗಳಿವೆ. ಎರಡೂ ಅದೇ ಓಬರ್ಸ್ಟ್ ಅವರ ಪಟ್ಟಿ ಪರೀಕ್ಷೆಯಿಂದ ಬೆಳೆದವು. ಆದರೆ ಬರೀ '0.4' ಎಂದು ಅಚ್ಚು ಹಾಕಿದರೆ ಅದಕ್ಕೆ ಅರ್ಥವಿಲ್ಲ. ಎಷ್ಟು ಡಿಗ್ರಿಯಲ್ಲಿ, ಎಷ್ಟು ಹರ್ಟ್ಜ್‌ನಲ್ಲಿ, ಎಷ್ಟು ದಪ್ಪದ ಉಕ್ಕಿನ ಪಟ್ಟಿಯ ಮೇಲೆ ಎಂಬ ಮೂರೂ ಇರಬೇಕು. ತೆಳು ಪಟ್ಟಿಯ ಮೇಲೆ ಅಳೆದರೆ ಅಂಕಿ ತಾನಾಗಿ ಏರುತ್ತದೆ. ಬೇರೆ ಬೇರೆ ಉಷ್ಣಾಂಶಗಳ ಗ್ರಾಫನ್ನೇ ಪ್ರಕಟಿಸುವ ಕಂಪನಿಗೆ ಹೆಚ್ಚು ಅಂಕ ಕೊಡಿ.

'ಎನ್‌ಆರ್‌ಸಿ 0.8' ಎಂದು ಡ್ಯಾಂಪಿಂಗ್ ಶೀಟಿನ ಮೇಲೆ ಬರೆದಿದ್ದರೆ ಎಚ್ಚರ. ಅದು ಸದ್ದು ಹೀರುವ ವಸ್ತುಗಳ ಅಳತೆ. 250, 500, 1000, 2000 ಹರ್ಟ್ಜ್‌ಗಳ ಸರಾಸರಿಯಾದ ಅದು ನಮ್ಮನ್ನು ಕಾಡುವ ತಗ್ಗು ಮೊರೆತವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮೂರು ಸಿಲಿಂಡರಿನ ಕಾರು 3000 ಆರ್‌ಪಿಎಂನಲ್ಲಿ ಓಡುವಾಗ ಎಂಜಿನ್ನಿನ ಮುಖ್ಯ ಬಡಿತ 75 ಹರ್ಟ್ಜ್.

'20 ಡಿಬಿ ಕಡಿಮೆ' ಎಂಬ ಭರವಸೆಯನ್ನಂತೂ ಪಕ್ಕಕ್ಕಿಡಿ. ಹತ್ತು ಡೆಸಿಬೆಲ್ ಇಳಿದರೆ ಸದ್ದು ಅರ್ಧಕ್ಕೆ ಇಳಿದಂತೆ ಕಿವಿಗೆ ಅನಿಸುತ್ತದೆ. ಗಾಜು, ಟೈರು, ಎಂಜಿನ್ ಮೌಂಟ್ ಎಲ್ಲ ಇದ್ದಂತೆಯೇ ಇರುವ ಕಾರಿನಲ್ಲಿ ಅಚ್ಚುಕಟ್ಟಾದ ಕೆಲಸದಿಂದ ಎರಡರಿಂದ ಐದು ಡೆಸಿಬೆಲ್ ಇಳಿದರೆ ಕೊಟ್ಟ ಹಣ ಸಾರ್ಥಕ. ಹೆಚ್ಚು ಹಿತ ಕೊಡುವುದು ಆ ಅಂಕಿಗಿಂತ, ಬಾಗಿಲು ಹಾಕುವಾಗಿನ ಡಬ್ಬದ ಸದ್ದು ಹೋಗಿ ಗಟ್ಟಿಯಾಗಿ ಕೇಳುವುದು, ಸ್ಪೀಕರಿನ ಬಾಸ್ ಶುದ್ಧವಾಗುವುದು, ಮಳೆಯ ಹೊಡೆತ ಮೆತ್ತಗಾಗುವುದು.

ಬೆಲೆ ಹೋಲಿಸುವಾಗ ಹಾಳೆಗೆ ಎಷ್ಟು ಎಂದು ಕೇಳಬೇಡಿ. ಹಾಳೆಯ ಅಳತೆ ಒಂದೊಂದು ಕಂಪನಿಗೆ ಒಂದೊಂದು. ಚದರ ಅಡಿಗೆ ಎಷ್ಟು ಎಂದು ಲೆಕ್ಕ ಹಾಕಿ. 18 ಇಂಚಿಗೆ 32 ಇಂಚಿನ ಹಾಳೆ ನಾಲ್ಕು ಚದರ ಅಡಿ ಆಗುತ್ತದೆ.

ಫೋಮ್, ಫೆಲ್ಟ್, ವಿನೈಲ್

ಕಪ್ಪು ಫೋಮ್ ಹಾಳೆ ತೋರಿಸಿ 'ಇದು ಸೌಂಡ್ ಪ್ರೂಫ್' ಎನ್ನುವುದು ವಾಡಿಕೆ. ಮುಚ್ಚಿದ ರಂಧ್ರದ ಫೋಮ್ ಸದ್ದನ್ನು ಹೆಚ್ಚೇನೂ ಹೀರುವುದಿಲ್ಲ. ಶಾಖ ತಡೆಯುತ್ತದೆ, ಎರಡು ಪ್ಲಾಸ್ಟಿಕ್ ಭಾಗಗಳು ಉಜ್ಜಿ ಕಿರ್‌ಗುಟ್ಟುವುದನ್ನು ನಿಲ್ಲಿಸುತ್ತದೆ, ವಿನೈಲ್ ಹಾಸಿನ ಕೆಳಗೆ ಮೆತ್ತೆಯಾಗುತ್ತದೆ. ಆ ಕೆಲಸಗಳಿಗೆ ಅದು ಅತ್ಯುತ್ತಮ. ತೆರೆದ ರಂಧ್ರದ ಫೋಮ್ ಹೀರುತ್ತದೆ, ಆದರೆ ನೀರನ್ನೂ ಹೀರುತ್ತದೆ. ಎರಡನ್ನೂ ಗುರುತಿಸಲು ತುಂಡನ್ನು ನೀರಿನಲ್ಲಿ ಹಿಂಡಿ ಬಿಡಿ, ಹೊರತೆಗೆದು ಮತ್ತೆ ಹಿಂಡಿ. ನೀರು ಸುರಿದರೆ ತೆರೆದ ರಂಧ್ರದ್ದು, ಅದನ್ನು ಬಾಗಿಲಿನ ಒಳಹೊಟ್ಟೆಗೆ ಹಾಕಲೇಬಾರದು.

ಹೀರುವ ವಸ್ತುವಿಗೆ ದಪ್ಪವೇ ಪ್ರಾಣ. 1000 ಹರ್ಟ್ಜ್ ಸದ್ದಿನ ಅಲೆಯ ಉದ್ದ ಸುಮಾರು 34 ಸೆಂಟಿಮೀಟರ್, 100 ಹರ್ಟ್ಜ್‌ನದು 3.4 ಮೀಟರ್. ಅಲೆಯ ಕಾಲು ಭಾಗದಷ್ಟು ದಪ್ಪವಿದ್ದರೆ ಹೀರಿಕೆ ಪೂರ್ಣ ಬಲಕ್ಕೆ ಬರುತ್ತದೆ. ಹಾಗಾಗಿ 6 ಎಂಎಂ ಫೋಮ್ ಟೈರಿನ ಸದ್ದಿನ ಮೇಲಿನ ತುದಿಯನ್ನು ಕೊಂಚ ಸವರಬಹುದೇ ಹೊರತು ಎಂಜಿನ್ನಿನ ಮೊರೆತವನ್ನು ಮುಟ್ಟಲಾರದು. ಡಿಕ್ಕಿಯ ಪಕ್ಕದ ಪೊಳ್ಳು, ಚಕ್ರದ ಕಮಾನಿನ ಮೇಲಿನ ಜಾಗಗಳಲ್ಲಿ ದಪ್ಪ ಫೆಲ್ಟ್ ಅಥವಾ ಪಾಲಿಯೆಸ್ಟರ್ ನಾರು ತುಂಬಿದರೆ ಮಾತ್ರ ಪ್ರಯೋಜನ ಕಾಣುತ್ತದೆ.

ವಿನೈಲ್ ಹಾಸು ಚದರ ಮೀಟರಿಗೆ ಸುಮಾರು ಐದು ಕೆಜಿ ತೂಗುತ್ತದೆ. ಇದರಲ್ಲಿ ಹೋಲಿಕೆ ಸುಲಭ: ತೂಕವೇ ಗುಣ. ತೂಕ ಇಮ್ಮಡಿಯಾದರೆ ತಡೆ ಲೆಕ್ಕದ ಪ್ರಕಾರ ಆರು ಡೆಸಿಬೆಲ್ ಹೆಚ್ಚುತ್ತದೆ. ಆದರೆ ಅದು ಸಂದಿಲ್ಲದೆ ಹರಡಿರಬೇಕು. ಒಟ್ಟು ವಿಸ್ತಾರದ ನೂರರಲ್ಲಿ ಒಂದು ಪಾಲು ತೆರೆದಿದ್ದರೂ ಎಂಥ ಗೋಡೆಯೂ 20 ಡೆಸಿಬೆಲ್‌ಗಿಂತ ಹೆಚ್ಚು ತಡೆಯಲಾರದು. ನೆಲಕ್ಕೆ ಇದು ಹೊಂದುತ್ತದೆ. ಬಾಗಿಲಿಗೆ ಹಾಕುವಾಗ ಕೀಲಿನ ಮೇಲೆ ಬೀಳುವ ಭಾರ ನೆನಪಿರಲಿ.

ಎಲ್ಲಿಂದ ಶುರು ಮಾಡುವುದು

ಹಣ ಕಡಿಮೆಯಿದ್ದರೆ ಮುಂದಿನ ಎರಡು ಬಾಗಿಲು ಮೊದಲು. ಹೊರಗಿನ ತಗಡಿನ ನಡುಭಾಗಕ್ಕೆ ಒಳಗಿನಿಂದ ಶೀಟ್, ಒಳ ತಗಡಿಗೂ ಒಂದಿಷ್ಟು. ಆಮೇಲೆ ಹಿಂದಿನ ಚಕ್ರದ ಕಮಾನು ಮತ್ತು ಡಿಕ್ಕಿಯ ನೆಲ. ಹ್ಯಾಚ್‌ಬ್ಯಾಕ್‌ಗಳಲ್ಲಿ ರಸ್ತೆಯ ಮೊರೆತದ ದೊಡ್ಡ ಪಾಲು ಅಲ್ಲಿಂದಲೇ ಬರುವುದು. ಮಂಗಳೂರು, ಉಡುಪಿ, ಆಗುಂಬೆಯ ಕಡೆಯವರಿಗೆ ಚಾವಣಿಗೆ ಮೊದಲ ಸ್ಥಾನ ಕೊಟ್ಟರೂ ಸರಿಯೇ. ಅಷ್ಟು ಅಗಲದ ತೆಳು ತಗಡಿನ ಮೇಲೆ ಜಡಿಮಳೆ ಸುರಿಯುವಾಗ ಡ್ಯಾಂಪಿಂಗ್ ಶೀಟ್ ಮಾಡುವ ವ್ಯತ್ಯಾಸ ಯಾರಿಗಾದರೂ ಗೊತ್ತಾಗುತ್ತದೆ. ಎಲೆಕ್ಟ್ರಿಕ್ ಕಾರಿನವರು ಎಂಜಿನ್ ಬದಿಯನ್ನು ಬಿಟ್ಟು ಚಕ್ರದ ಕಮಾನುಗಳಿಗೇ ಗಮನ ಕೊಡಬೇಕು. ಎಂಜಿನ್ ಸದ್ದು ಮರೆಮಾಚದ ಕಾರಣ ಅಲ್ಲಿ ಟೈರಿನದೇ ರಾಜ್ಯಭಾರ.

ಸಾಮಾನ್ಯವಾಗಿ ಆಗುವ ತಪ್ಪುಗಳು

ತಗಡಿನ ಇಂಚಿಂಚೂ ಮುಚ್ಚುವುದು. ಒಂದೊಂದು ತಗಡಿನ ನಡುಭಾಗದಲ್ಲಿ ಕಾಲು ಭಾಗದಿಂದ ಅರ್ಧದಷ್ಟು ಮುಚ್ಚುವ ಹೊತ್ತಿಗೆ ಅದುರಿನ ಬಹುಪಾಲು ಅಡಗಿರುತ್ತದೆ. ಉಳಿದದ್ದು ಹಣ ಮತ್ತು ಭಾರ. ಅಗ್ಗದ ಶೀಟನ್ನು ಪೂರ್ತಿ ಹಾಕುವುದಕ್ಕಿಂತ ಒಳ್ಳೆಯದನ್ನು ಅರ್ಧಕ್ಕೆ ಹಾಕುವುದೇ ಮೇಲು. ಒಂದರ ಮೇಲೊಂದು ಎರಡು ಪದರ ಅಂಟಿಸಿದರೂ ಲಾಭ ದುಪ್ಪಟ್ಟಾಗದು.

ರೋಲರ್ ಬಳಸದೆ ಕೈಯಿಂದ ಒತ್ತಿ ಬಿಡುವುದು. ಫಾಯಿಲಿನ ಉಬ್ಬುಗಳು ಚಪ್ಪಟೆಯಾಗುವವರೆಗೂ ಉರುಳಿಸಬೇಕು, ಉಬ್ಬುಗಳಿರುವುದೇ ಆ ಗುರುತಿಗೆ. ಗಾಳಿಗುಳ್ಳೆ ಉಳಿದ ಕಡೆ ಶೀಟ್ ಕೆಲಸ ಮಾಡುವುದಿಲ್ಲ. ಕರಾವಳಿಯಲ್ಲಿ ಅಲ್ಲೇ ತೇವ ಕೂತು ತುಕ್ಕು ಹಿಡಿಯುತ್ತದೆ.

ತಗಡು ತೊಳೆಯದೆ ಅಂಟಿಸುವುದು. ಬಾಗಿಲಿನೊಳಗೆ ವರ್ಷಗಳ ಧೂಳು, ಮೇಣದ ಲೇಪ ಇರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ, ಒರೆಸಿದ ಬಟ್ಟೆ ಬಿಳಿಯಾಗಿ ಬರುವವರೆಗೂ ಒರೆಸಿ. ಕೆಲಸದವರು ಈ ಹಂತವನ್ನೇ ಹಾರಿಸುವುದು ಹೆಚ್ಚು, ಎದುರಿಗೆ ನಿಂತು ಮಾಡಿಸಿ.

ಕಾರಿನ ಅಡಿಗೆ ಬಳಿಯುವ ತುಕ್ಕು ನಿರೋಧಕ ಲೇಪವನ್ನು ಸದ್ದಿನ ಮದ್ದೆಂದು ನಂಬುವುದು. ಅದರ ತೆಳು ಪದರ ಕಲ್ಲು ಸಿಡಿಯುವ ಚಟಪಟವನ್ನು ತಗ್ಗಿಸಬಹುದು, ಅಷ್ಟೇ.

ಎಚ್ಚರಿಕೆ

ಬಾಗಿಲಿನ ತಳದಲ್ಲಿ ನೀರು ಹೋಗುವ ತೂತುಗಳಿವೆ. ಅವನ್ನು ಮುಚ್ಚಿದರೆ ಒಂದೇ ಮಳೆಗಾಲದಲ್ಲಿ ಬಾಗಿಲು ಒಳಗಿನಿಂದ ಕೊಳೆಯುತ್ತದೆ. ಗಾಜು ಇಳಿಯುವ ದಾರಿ, ಲಾಕಿನ ಸರಳುಗಳಿಗೂ ಶೀಟ್ ತಾಗಬಾರದು.

ಏರ್‌ಬ್ಯಾಗಿನ ವೈರುಗಳ ಕನೆಕ್ಟರ್ ಸಾಮಾನ್ಯವಾಗಿ ಹಳದಿ ಬಣ್ಣದ್ದು. ಸೀಟು ಬಿಚ್ಚುವ ಮೊದಲು ಬ್ಯಾಟರಿ ಕಳಚಿ, ಕಂಪನಿಯ ಕೈಪಿಡಿ ಹೇಳಿದಷ್ಟು ಹೊತ್ತು ಕಾಯಬೇಕು. ಆರು ಏರ್‌ಬ್ಯಾಗಿನ ಕಾರಿನಲ್ಲಿ ಚಾವಣಿಯ ಅಂಚಿನುದ್ದಕ್ಕೂ ಪರದೆ ಏರ್‌ಬ್ಯಾಗ್ ಇರುತ್ತದೆ. ಆ ಅಂಚಿಗೆ ಶೀಟ್, ಫೋಮ್ ಯಾವುದೂ ಬೇಡ. ಕೆಲವು ಕಾರುಗಳ ಬಾಗಿಲೊಳಗೆ ಅಪಘಾತದ ಹೊಡೆತದ ಒತ್ತಡ ಗ್ರಹಿಸುವ ಸೆನ್ಸರ್ ಇದೆ, ಅದರ ಬಾಯಿ ಮುಚ್ಚಬಾರದು. ಎಲೆಕ್ಟ್ರಿಕ್ ಕಾರಿನ ನೆಲಕ್ಕೆ ಯಾವ ಕಾರಣಕ್ಕೂ ಡ್ರಿಲ್ ಹಾಕಬೇಡಿ, ಕೆಳಗೆ ಬ್ಯಾಟರಿ ಇದೆ.

ಬಾನೆಟ್ಟಿನ ಅಡಿಗೆ ಡ್ಯಾಂಪಿಂಗ್ ಶೀಟ್ ಅಂಟಿಸುವ ರೂಢಿ ಅಪಾಯದ್ದು. ಕಳಚಿ ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಬಿದ್ದರೆ ಬೆಂಕಿ. ಕಾರಿನೊಳಗೆ ಹಾಕುವ ಫೋಮ್, ಫೆಲ್ಟ್ ಕೊಳ್ಳುವಾಗಲೂ ಬೆಂಕಿಯ ಪರೀಕ್ಷೆಯ ಪ್ರಮಾಣಪತ್ರ ಕೇಳಿ. ನಮ್ಮಲ್ಲಿ ಐಎಸ್ 15061, ಅಮೆರಿಕದಲ್ಲಿ ಎಫ್‌ಎಂವಿಎಸ್‌ಎಸ್ 302 ಎಂಬ ಮಾನಕಗಳಿವೆ. ಎರಡನೆಯದರ ಪ್ರಕಾರ ಜ್ವಾಲೆ ನಿಮಿಷಕ್ಕೆ 102 ಎಂಎಂಗಿಂತ ವೇಗವಾಗಿ ಹರಡಕೂಡದು. ಮೇಲೆ ಹೇಳಿದ ಸೀಮೆಎಣ್ಣೆಯ ಪರೀಕ್ಷೆಗಳನ್ನು ಬಯಲಲ್ಲಿ, ಒಲೆಯಿಂದ ದೂರ ಮಾಡಿ. ಫಾಯಿಲಿನ ಅಂಚು ಬ್ಲೇಡಿನಷ್ಟೇ ಹರಿತ, ದಪ್ಪ ಕೈಗವಸು ಹಾಕಿಕೊಳ್ಳದೆ ಮುಟ್ಟಬೇಡಿ.

ಫಲಿತಾಂಶ ಅಳೆಯುವಾಗ

ಕೆಲಸಕ್ಕೆ ಕೊಡುವ ಮೊದಲೇ ಒಮ್ಮೆ ಅಳೆದಿಟ್ಟುಕೊಳ್ಳಿ. ಮೊಬೈಲ್ ಆ್ಯಪಿನ ಡೆಸಿಬೆಲ್ ಅಂಕಿ ನಿಜವಾದ ಮಟ್ಟ ಹೇಳದಿದ್ದರೂ ಮೊದಲು ಮತ್ತು ಆಮೇಲಿನ ವ್ಯತ್ಯಾಸವನ್ನು ಹೇಳುತ್ತದೆ. ಅದೇ ರಸ್ತೆಯ ಅದೇ ಎರಡು ಕಿಲೋಮೀಟರ್, ಅದೇ ವೇಗ, ಅದೇ ಗೇರ್, ಟೈರಿನಲ್ಲಿ ಅಷ್ಟೇ ಗಾಳಿ, ಎಸಿ ಫ್ಯಾನ್ ನಿಲ್ಲಿಸಿ, ರಸ್ತೆ ಒಣಗಿರುವಾಗ. ಮೊಬೈಲನ್ನು ಪಕ್ಕದಲ್ಲಿ ಕೂತವರು ತಲೆಯ ಎತ್ತರಕ್ಕೆ ಹಿಡಿದಿರಬೇಕು, ಚಾಲಕರು ಮುಟ್ಟಬಾರದು. ಆ್ಯಪಿನಲ್ಲಿ 'ಎ' ಮತ್ತು 'ಸಿ' ಎಂಬ ಎರಡು ಆಯ್ಕೆ ಇದ್ದರೆ ಎರಡರಲ್ಲೂ ಅಳೆಯಿರಿ. 'ಎ' ಆಯ್ಕೆ 100 ಹರ್ಟ್ಜ್‌ನ ಸದ್ದನ್ನು 19 ಡೆಸಿಬೆಲ್ ತಗ್ಗಿಸಿಯೇ ಲೆಕ್ಕ ಹಾಕುತ್ತದೆ. ಡ್ಯಾಂಪಿಂಗ್ ಶೀಟ್ ಹೆಚ್ಚಾಗಿ ದುಡಿಯುವುದು ಆ ತಗ್ಗಿನ ಭಾಗದಲ್ಲೇ ಆದ್ದರಿಂದ 'ಎ'ಯಲ್ಲಿ ಏನೂ ಬದಲಾಗದಂತೆ ಕಂಡರೂ 'ಸಿ'ಯಲ್ಲಿ ಇಳಿಕೆ ಕಾಣುತ್ತದೆ. ಎರಡರಲ್ಲೂ ಏನೂ ಕಾಣದಿದ್ದರೆ ಒಂದು ಬಾಗಿಲಿನ ಪ್ಯಾಡ್ ಬಿಚ್ಚಿಸಿ, ಉಬ್ಬುಗಳು ಚಪ್ಪಟೆಯಾಗುವಂತೆ ಒತ್ತಿದ್ದಾರೆಯೇ, ನೀವು ಆರಿಸಿ ಕೊಟ್ಟ ಶೀಟನ್ನೇ ಹಾಕಿದ್ದಾರೆಯೇ ಎಂದು ನೋಡಿ.